ಬರೆಯಲು ಏನೂ ಹೊಳೆಯದಿದ್ದರೆ ‘ಬಲ ಮೆದುಳು’ ಮಲಗಿದೆಯೇ?

‘ಬರೆಯಲು ಏನೂ ಹೊಳೆಯುತ್ತಿಲ್ಲವೇ? ನಿಮ್ಮ ಬಲ ಮೆದುಳು ಮಲಗಿದೆ, ಎಡಗೈಯಿಂದ ಬರೆದು ಎಬ್ಬಿಸಿ’ ಎನ್ನುವಂಥ ಫಾರ್ವರ್ಡ್‌ಗಳು ನಮಗೂ ಬರುತ್ತವೆ. ನಂಬಬೇಡಿ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 1,011 ಜನರ ಮೆದುಳಿನ ಸ್ಕ್ಯಾನ್ ಪರಿಶೀಲಿಸಿದಾಗ ‘ಬಲ ಮೆದುಳಿನವರು’, ‘ಎಡ ಮೆದುಳಿನವರು’ ಎಂಬ ಗುಂಪುಗಳೇ ಕಾಣಲಿಲ್ಲ. ಬರೆಯುವಾಗ ಎರಡೂ ಭಾಗ ಕೆಲಸ ಮಾಡುತ್ತವೆ.

ಒಮ್ಮೆ ನಿಂತ ಬರಹ ಮತ್ತೆ ಬರುವುದಿಲ್ಲ ಎಂಬ ಭಯವೂ ಇದೆ. ಇದಕ್ಕೆ ನಮ್ಮ ಸುರಪುರದಲ್ಲೇ ಉತ್ತರ ಸಿಗುತ್ತದೆ. ಅಲ್ಲಿ ಟೇಲರ್ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ 1839 ಮತ್ತು 1840ರಲ್ಲಿ ಒಂದೊಂದು ಕಾದಂಬರಿ ಪ್ರಕಟಿಸಿದ್ದರು. 1841ರಲ್ಲಿ ಸುರಪುರಕ್ಕೆ ಬಂದರು. ಬಾಲರಾಜನ ಸಂಸ್ಥಾನದ ಆಡಳಿತ, ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳ ಅಧ್ಯಯನ, ಹೀಗೆ ವರ್ಷಗಳು ಉರುಳಿದವು. ಮುಂದಿನ ಕಾದಂಬರಿ ‘ತಾರಾ’ ಬಂದದ್ದು 1863ರಲ್ಲಿ. ಮಧ್ಯೆ 23 ವರ್ಷ! ಅದು ಹೆಚ್ಚಾಗಿ ಕೆಲಸದ ಹೊರೆ ಎನ್ನಿ, ಆದರೂ ಬರಹ ಮತ್ತೆ ಹೊರಟಿತಲ್ಲ. ‘ತಾರಾ’ ನಂತರವೂ ಅವರು ಕಾದಂಬರಿ ಬರೆದರು.

ಏನೂ ಹೊಳೆಯದಿದ್ದರೆ ಎದ್ದು ನಡೆಯಿರಿ. 2014ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗಗಳಲ್ಲಿ, ಕೂತಾಗಿಗಿಂತ ನಡೆಯುವಾಗ ಹೊಸ ಐಡಿಯಾಗಳು ಸರಾಸರಿ ಶೇ 60ರಷ್ಟು ಹೆಚ್ಚು ಹೊಳೆದವು. ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಲಾಭವಾಯಿತು. ಹಾಗಾಗಿ ಯಾದಗಿರಿಯ ಬಿಸಿಲಿಗೆ ಹೊರಗೆ ಹೋಗಬೇಕಿಲ್ಲ, ಪಡಸಾಲೆಯಲ್ಲೇ ಓಡಾಡಿ. ಒಂದೇ ಸರಿಯುತ್ತರ ಹುಡುಕುವ ಕೆಲಸಕ್ಕೆ ಮಾತ್ರ ನಡಿಗೆ ನೆರವಾಗಲಿಲ್ಲ. ತಿದ್ದುವುದನ್ನು ಕೂತೇ ಮಾಡಿ.

ಬರಹವಷ್ಟೇ ಅಲ್ಲ, ಊಟ, ನಿದ್ದೆ, ಇಷ್ಟದ ಕೆಲಸ ಎಲ್ಲವೂ ಬೇಡವಾಗಿ ಎರಡು ವಾರ ದಾಟಿದರೆ ಅದು ಖಿನ್ನತೆಯಿರಬಹುದು. ಆಗ ಎಡಗೈ ಕಸರತ್ತಿನಲ್ಲಿ ದಿನ ಕಳೆಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.