ದ್ರಾಕ್ಷಿ ಬೀಜದ ಎಣ್ಣೆ: ಸುಗಂಧಕ್ಕೆ ಆಸರೆ, ಚರ್ಮಕ್ಕೆ ಹಗುರ

ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಳಾಂತರಗೊಂಡದ್ದು 1957ರಲ್ಲಿ. ಅದರ ಮೈಸೂರು ಸ್ಯಾಂಡಲ್ ಸಾಬೂನನ್ನು ಬಳಸದ ಮನೆ ಅಪರೂಪ. ಒಂದು ಸಾಬೂನಿನಲ್ಲಿ ಗಂಧದೆಣ್ಣೆ ಇರುವುದು ತುಸುವೇ. ಆದರೆ ಬಚ್ಚಲುಮನೆ ಘಮಘಮಿಸಲು ಅಷ್ಟು ಸಾಕು. ಸುಗಂಧ ತೈಲಗಳ ಗುಣವೇ ಅದು: ಹನಿಯಷ್ಟಿದ್ದರೂ ಶಕ್ತಿ ಹೆಚ್ಚು.

ಇಂದು ವಿಜಯನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ ಲ್ಯಾವೆಂಡರ್, ಟೀ ಟ್ರೀ, ನೀಲಗಿರಿ ತೈಲದ ಪುಟ್ಟ ಬಾಟಲಿಗಳು ಸುಲಭವಾಗಿ ಸಿಗುತ್ತವೆ. ಅವನ್ನು ನೇರವಾಗಿ ಮುಖಕ್ಕೆ ಹಚ್ಚಿಕೊಂಡರೆ ಉರಿ, ಕೆಂಪು, ತುರಿಕೆ ಉಂಟಾಗಬಹುದು. ಒಮ್ಮೆ ಅಲರ್ಜಿ ಅಂಟಿಕೊಂಡರೆ ಮುಂದೆ ಒಂದು ಹನಿಯೂ ಒಗ್ಗದಿರಬಹುದು. ಆದ್ದರಿಂದ ಅವನ್ನು ಬೇರೊಂದು ಸೌಮ್ಯ ಎಣ್ಣೆಯಲ್ಲಿ ಬೆರೆಸಬೇಕು. ಇದನ್ನೇ ಕ್ಯಾರಿಯರ್ ಆಯಿಲ್ ಎನ್ನುತ್ತಾರೆ. ದ್ರಾಕ್ಷಿ ಬೀಜದ ಎಣ್ಣೆ ಅಂಥದ್ದೊಂದು.

ಇದು ತೆಳು, ಜಿಗುಟು ಕಡಿಮೆ, ವಾಸನೆಯೂ ಅಲ್ಪ. ಹಾಗಾಗಿ ಸುಗಂಧವನ್ನು ಮುಚ್ಚಿಹಾಕುವುದಿಲ್ಲ. ಇದರಲ್ಲಿ ಸುಮಾರು ಮೂರನೇ ಎರಡು ಭಾಗ ಲಿನೋಲಿಕ್ ಆಮ್ಲವಿದೆ. ಚರ್ಮದ ತೇವ ಆರದಂತೆ ಕಾಯಲು ಇದು ಸಹಾಯಕ. ಬೆಂಗಳೂರಿನ ಸುತ್ತಮುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಬೀಜವಿದೆ ನಿಜ. ಆದರೆ ಬೀಜದಲ್ಲಿರುವ ಎಣ್ಣೆ ಬಹಳ ಕಡಿಮೆ. ಮನೆಯಲ್ಲಿ ತೆಗೆಯುವ ಕೆಲಸವಲ್ಲ.

ರಸ ಅಥವಾ ವೈನ್ ತಯಾರಿಸಿದ ಮೇಲೆ ಉಳಿಯುವ ಬೀಜದಿಂದ ಈ ಎಣ್ಣೆ ತೆಗೆಯುತ್ತಾರೆ. 'ಹಾಗಾದರೆ ನಾವು ಬಳಸಬಹುದೇ?' ಎಂದು ನೀವು ಕೇಳಬಹುದು. ಬೀಜವನ್ನು ಬೇರ್ಪಡಿಸಿ, ಚೆನ್ನಾಗಿ ಒಣಗಿಸಿದ ನಂತರವೇ ಎಣ್ಣೆ ತೆಗೆಯಲಾಗುತ್ತದೆ. ಆದರೂ ಮನಸ್ಸಿಗೆ ಸಂಶಯವಿದ್ದರೆ ಬಲ್ಲ ಉಲಮಾಗಳನ್ನು ಕೇಳಿ. ಇಲ್ಲವೇ ಬಾದಾಮಿ ಎಣ್ಣೆ ಬಳಸಿ.

ಬೆರೆಸುವ ಅಳತೆ ನೆನಪಿಡಿ. ಮೈಗೆ ಹಚ್ಚಲು 30 ಮಿ.ಲೀ. ಎಣ್ಣೆಗೆ, ಅಂದರೆ ಆರು ಟೀ ಚಮಚಕ್ಕೆ, 12 ಹನಿ ಸುಗಂಧ ತೈಲ ಸಾಕು. ಮುಖಕ್ಕಾದರೆ 6 ಹನಿ. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ 24 ಗಂಟೆ ಕಾಯಿರಿ. ತುರಿಕೆ, ಕೆಂಪು ಕಂಡರೆ ಬಿಟ್ಟುಬಿಡಿ. ನಿಂಬೆ ತೈಲ ಬೆರೆಸಿ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಕಲೆ ಬೀಳಬಹುದು.

ಗರ್ಭಿಣಿಯರು ವೈದ್ಯರನ್ನು ಕೇಳದೆ ಸುಗಂಧ ತೈಲ ಬಳಸಬಾರದು. ಹಸುಗೂಸಿನ ಮುಖದ ಬಳಿ ನೀಲಗಿರಿ, ಕರ್ಪೂರದ ತೈಲ ತರಲೇಬಾರದು. ಮಕ್ಕಳು ಸ್ವಲ್ಪ ಕುಡಿದರೂ ಅಪಾಯ. ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಈ ಎಣ್ಣೆ ಬೇಗ ಕಮಟುತ್ತದೆ. ಚಿಕ್ಕ ಬಾಟಲಿಯನ್ನೇ ಕೊಂಡು, ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ತಂಪು ಜಾಗದಲ್ಲಿಡಿ. ವಾಸನೆ ಬದಲಾದರೆ ಹಚ್ಚಬೇಡಿ.

ಬೆಲೆ ಕೈಗೆಟುಕದಿದ್ದರೆ ಬೇಸರ ಬೇಡ. ನಿಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯಲ್ಲೂ ಲಿನೋಲಿಕ್ ಆಮ್ಲ ಧಾರಾಳವಾಗಿದೆ. ಸುಕ್ಕು ಮಾಯವಾಗುತ್ತದೆ, ಬಣ್ಣ ಬಿಳುಪಾಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಮರುಳಾಗಬೇಡಿ. ಮೈಗೆ ಹಚ್ಚುವ ನೂರು ಹನಿಯಲ್ಲಿ ತೊಂಬತ್ತೆಂಟು ಹನಿ ಕ್ಯಾರಿಯರ್ ಎಣ್ಣೆಯೇ. ಆದ್ದರಿಂದ ಸುಗಂಧ ಆರಿಸುವ ಮೊದಲು ಅದನ್ನು ಎಚ್ಚರದಿಂದ ಆರಿಸಿ.