ನೆತ್ತಿಗೇ ಹೊಡೆಯೋ ‘ನಾಗ್’

ಯುದ್ಧ ಟ್ಯಾಂಕಿನ ಉಕ್ಕಿನ ಕವಚ ಎಲ್ಲಿ ತೆಳು ಗೊತ್ತಾ? ನೆತ್ತಿಯ ಮೇಲೆ! ನಮ್ಮ ‘ನಾಗ್’ ಕ್ಷಿಪಣಿ ಮೇಲಕ್ಕೇರಿ ಎರಗೋದೇ ಅಲ್ಲಿಗೆ.

ಅಗ್ನಿ, ಪೃಥ್ವಿ ಕ್ಷಿಪಣಿಗಳ ಜೊತೆಗೇ ಇದರ ಕೆಲಸವೂ ಶುರುವಾಗಿದ್ದು 1983ರಲ್ಲಿ, ಅಬ್ದುಲ್ ಕಲಾಂ ನೇತೃತ್ವದಲ್ಲಿ.

ತಂತಿ ಮೂಲಕ ನಿಯಂತ್ರಿಸೋ ಹಳೆಯ ಕ್ಷಿಪಣಿಗಳಲ್ಲಿ, ಕ್ಷಿಪಣಿ ತಾಕುವವರೆಗೂ ಸೈನಿಕ ಗುರಿಯ ಮೇಲೆ ಕಣ್ಣಿಟ್ಟು ಕೂತಿರಬೇಕಿತ್ತು. ಅಷ್ಟರಲ್ಲಿ ಶತ್ರುವಿನ ಗುಂಡು ಅವನ ಕಡೆಗೇ ಬರಬಹುದು. ನಾಗ್ ಹಾಗಲ್ಲ. ಮೂತಿಯಲ್ಲಿರೋ, ಗುರಿ ಹುಡುಕೋ ಅವಕೆಂಪು ‘ಸೀಕರ್’ ಟ್ಯಾಂಕಿನ ಶಾಖದ ಚಿತ್ರ ಹಿಡಿಯುತ್ತೆ. ಹಾರೋ ಮೊದಲೇ ಗುರಿ ಲಾಕ್. ಆಮೇಲೆ ಟ್ಯಾಂಕ್ ಓಡಿದರೂ ಬಿಡಲ್ಲ, ಸೈನಿಕ ಜಾಗ ಬದಲಿಸಬಹುದು. ನನ್ನ ಪ್ರಕಾರ ಇದರ ದೊಡ್ಡ ಗುಣ ಇದೇ.

ಸಿಡಿತಲೆಯಲ್ಲಿ ಎರಡು ಹಂತ. ಮೊದಲನೆಯದು ಟ್ಯಾಂಕಿನ ಹೊರಗಿನ ಸ್ಫೋಟಕ ಕವಚವನ್ನ ಸಿಡಿಸುತ್ತೆ, ಎರಡನೆಯದು ಉಕ್ಕನ್ನ ಕೊರೆಯುತ್ತೆ.

ಆದರೆ ಪರೀಕ್ಷೆಗಳಲ್ಲಿ ರಾಜಸ್ಥಾನದ ಬಿಸಿಲು ಸತಾಯಿಸಿತು. ಕಾದ ಮರಳು, ಕಾದ ಟ್ಯಾಂಕ್, ಎರಡೂ ಒಂದೇ ಥರ ಕಂಡರೆ ಸೀಕರ್ ಗುರಿ ಗುರುತಿಸೋದು ಹೇಗೆ? ಅದನ್ನ ಸುಧಾರಿಸೋಕೆ ವರ್ಷಗಳೇ ಹಿಡಿದವು. ಕೊನೆಗೆ 2020ರ ಅಕ್ಟೋಬರ್ 22ರಂದು, ಪೋಖ್ರಾನ್‌ನಲ್ಲಿ, ಸಿಡಿತಲೆ ಸಮೇತ ಅಂತಿಮ ಪರೀಕ್ಷೆ ಪಾಸು!

‘ನಾಮಿಕಾ’ ವಾಹನದಿಂದ ಸುಮಾರು 4 ಕಿಲೋಮೀಟರ್ ದೂರಕ್ಕೆ ಹೊಡೆಯುತ್ತೆ. ಇದರದ್ದೇ ಹೆಲಿಕಾಪ್ಟರ್ ರೂಪ ‘ಹೆಲಿನಾ’, 7 ಕಿಲೋಮೀಟರ್ ವರೆಗೆ. ಅದನ್ನ ಹಾರಿಸಿ ಪರೀಕ್ಷಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ‘ಧ್ರುವ್’ ಹೆಲಿಕಾಪ್ಟರ್‌ನಿಂದ.

2025ರ ಮಾರ್ಚ್‌ನಲ್ಲಿ ಸೇನೆಗಾಗಿ ನಾಗ್ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದಿದೆ. ತಡವಾಯ್ತು ನಿಜ, ಆದರೆ ಈ ತಂತ್ರಜ್ಞಾನ ಈಗ ನಮ್ಮದೇ.