ನೋವಿನ ಗುಳಿಗೆಗಳ ಬಲಾಬಲ

"ಡಾಕ್ಟರೇ, ಇದಕ್ಕಿಂತ ಪವರ್ ಇರುವ ಗುಳಿಗೆ ಬರೆದುಕೊಡಿರಿ" ಎಂಬ ಮಾತನ್ನು ಕೇಳದ ವೈದ್ಯರಿಲ್ಲ. ಗುಳಿಗೆಯ ಪಟ್ಟಿಯ ಮೇಲೆ 650 ಎಂದಿದ್ದರೆ ಅದು ಪ್ರಬಲ, 50 ಎಂದಿದ್ದರೆ ಸೌಮ್ಯ ಎಂಬ ಭಾವನೆ ಜನರಲ್ಲಿದೆ. ಆದರೆ ಆ ಸಂಖ್ಯೆಯು ಔಷಧದ ತೂಕವನ್ನು ತಿಳಿಸುತ್ತದೆಯೇ ಹೊರತು ಬಲವನ್ನಲ್ಲ. 650 ಮಿ.ಗ್ರಾಂ ಪ್ಯಾರಾಸಿಟಮಾಲ್ ಜ್ವರವನ್ನೂ ನೋವನ್ನೂ ತಗ್ಗಿಸುತ್ತದೆ, ಬಾವನ್ನು ಇಳಿಸುವುದಿಲ್ಲ. 50 ಮಿ.ಗ್ರಾಂ ಡೈಕ್ಲೋಫಿನಾಕ್ ಬಾವನ್ನೂ ಇಳಿಸುತ್ತದೆ. ಆದುದರಿಂದ ಊದಿಕೊಂಡ ಮೊಣಕಾಲಿಗೆ ಚಿಕ್ಕ ಸಂಖ್ಯೆಯ ಗುಳಿಗೆಯೇ ಹೆಚ್ಚು ಉಪಶಮನ ನೀಡಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿನ ಚಿಕಿತ್ಸೆಗಾಗಿ ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಸೂಚಿಸಿತು. ಮೊದಲ ಮೆಟ್ಟಿಲಿನಲ್ಲಿ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫಿನಾಕ್ ಮೊದಲಾದವು. ಎರಡನೆಯದರಲ್ಲಿ ಕೋಡೀನ್, ಟ್ರಮಡಾಲ್. ಮೂರನೆಯದರಲ್ಲಿ ಮಾರ್ಫಿನ್ ಮತ್ತು ಅದರ ಬಳಗ. ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ಔಷಧಗಳು ಅಫೀಮಿನಿಂದ ಬಂದವು ಅಥವಾ ಅದರಂತೆಯೇ ವರ್ತಿಸುವಂಥವು.

ಈ ಬಳಗದ ಬಲವನ್ನು ಅಳೆಯಲು ಮಾರ್ಫಿನ್ನೇ ಮಾನದಂಡ. ಬಾಯಿಯ ಮೂಲಕ ತೆಗೆದುಕೊಂಡಾಗ, ಸಮ ತೂಕದ ಕೋಡೀನಿನ ಬಲವು ಮಾರ್ಫಿನ್ನಿನ ಸುಮಾರು ಹತ್ತನೆಯ ಒಂದು ಭಾಗ. ಟ್ರಮಡಾಲಿನದು ಹತ್ತನೆಯ ಒಂದರಿಂದ ಐದನೆಯ ಒಂದು ಭಾಗ. ಆಕ್ಸಿಕೋಡೋನ್ ಸುಮಾರು ಒಂದೂವರೆ ಪಟ್ಟು ಪ್ರಬಲ. ಫೆಂಟನಿಲ್ ಅಂತೂ ಸುಮಾರು ನೂರು ಪಟ್ಟು. ಆದ್ದರಿಂದಲೇ ಚರ್ಮಕ್ಕೆ ಅಂಟಿಸುವ ಅದರ ಪಟ್ಟಿಯನ್ನು ಮಿಲಿಗ್ರಾಂಗಳಲ್ಲಲ್ಲ, ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ಈ ಲೆಕ್ಕವು ವೈದ್ಯರಿಗಾಗಿ ಇರುವುದು, ಮನೆಯಲ್ಲಿ ಮಾಡತಕ್ಕದ್ದಲ್ಲ. ಕೋಡೀನ್ ಯಕೃತ್ತಿನಲ್ಲಿ ಮಾರ್ಫಿನ್ ಆಗಿ ಮಾರ್ಪಟ್ಟ ಮೇಲೆಯೇ ನೋವನ್ನು ತಣಿಸುತ್ತದೆ. ಕೆಲವರ ದೇಹದಲ್ಲಿ ಈ ಮಾರ್ಪಾಡು ಅತ್ಯಲ್ಪ; ಅವರಿಗೆ ಗುಣ ಕಾಣದು. ಇನ್ನು ಕೆಲವರಲ್ಲಿ ಅದು ಅತಿ ಶೀಘ್ರ; ಅವರಿಗೆ ಸಾಧಾರಣ ಪ್ರಮಾಣವೂ ಅಪಾಯಕರ.

ಬಲ ಬೇರೆ, ಗುಣ ಬೇರೆ. ಹಲ್ಲು ಕಿತ್ತ ನೋವಿನಂತಹ ಶಸ್ತ್ರಚಿಕಿತ್ಸೋತ್ತರ ನೋವುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 400 ಮಿ.ಗ್ರಾಂ ಐಬುಪ್ರೊಫೇನ್ ಪಡೆದ ಪ್ರತಿ ಎರಡು ಮೂರು ಮಂದಿಯಲ್ಲಿ ಒಬ್ಬರಿಗೆ ಔಷಧದ ದೆಸೆಯಿಂದಲೇ ಅರ್ಧದಷ್ಟು ನೋವು ಕಡಿಮೆಯಾಯಿತು. 60 ಮಿ.ಗ್ರಾಂ ಕೋಡೀನ್ ಮಾತ್ರ ಪಡೆದವರಲ್ಲಿ ಈ ಪ್ರಯೋಜನವು ಹನ್ನೆರಡು ಮಂದಿಯಲ್ಲಿ ಒಬ್ಬರಿಗೆ. ಮೇಲಿನ ಮೆಟ್ಟಿಲಿನ ಔಷಧವು ಎಲ್ಲ ನೋವಿಗೂ ಮೇಲಲ್ಲ.

ಕೆಳಗಿನ ಮೆಟ್ಟಿಲು ನಿರಪಾಯವೂ ಅಲ್ಲ. ಡೈಕ್ಲೋಫಿನಾಕ್ ನೀಡಿದ ಜಾನುವಾರುಗಳ ಕಳೇಬರ ತಿಂದು, ಮೂತ್ರಪಿಂಡ ಕೆಟ್ಟು ರಣಹದ್ದುಗಳು ನಾಶವಾದುದರಿಂದ 2006ರಲ್ಲಿ ಭಾರತವು ಅದರ ಪಶುಬಳಕೆಯನ್ನು ನಿಷೇಧಿಸಿತು. ಮನುಷ್ಯನ ದೇಹವು ಅಷ್ಟು ದುರ್ಬಲವಲ್ಲ ನಿಜ; ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳುಳ್ಳ ಹಿರಿಯರು ಇಂತಹ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ಹೃದಯಾಘಾತ ಸಂಭವಿಸಬಹುದು. ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಮೀರಿದರೆ ಯಕೃತ್ತಿಗೆ ಕೇಡು. ನೆಗಡಿಯ ಎಷ್ಟೋ ಗುಳಿಗೆಗಳಲ್ಲಿ ಅದು ಸೇರಿರುತ್ತದೆ ಎಂಬುದೂ ನೆನಪಿರಲಿ.

ಇತ್ತ ಮಾರ್ಫಿನ್ ಎಂದೊಡನೆ ಚಟ, ಸಾವು ಎಂದು ಬೆದರಿ, ಕ್ಯಾನ್ಸರ್ ಪೀಡಿತರಾದ ತಾಯ್ತಂದೆಯರು ನರಳುತ್ತಿದ್ದರೂ ಔಷಧವನ್ನು ನಿರಾಕರಿಸುವ ಕುಟುಂಬಗಳಿವೆ. ವೈದ್ಯರ ಮೇಲ್ವಿಚಾರಣೆಯಲ್ಲಿ, ನೋವಿಗೆ ತಕ್ಕ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ಇಂತಹ ರೋಗಿಗಳಲ್ಲಿ ಚಟವೂ ವಿರಳ. ಮಲಬದ್ಧತೆ ಉಂಟಾಗುತ್ತದೆ, ಅದಕ್ಕೆ ಔಷಧ ಜೊತೆಗೇ ಬೇಕು. ಇಂತಹ ರೋಗಿಗಳಿಗೆ ಔಷಧ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಉಪಶಮನದ ಚಿಕಿತ್ಸೆ ಲಭ್ಯವಿದೆ. ಟ್ರಮಡಾಲ್ ಕೂಡ 2018ರಿಂದ ಇದೇ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಅದನ್ನು ಚೀಟಿಯಿಲ್ಲದೆ ಕೊಳ್ಳುವುದು ಸಲ್ಲದು. ಈ ಬಳಗದ ಯಾವ ಔಷಧವನ್ನೂ ಮದ್ಯದೊಡನೆ ಸೇರಿಸಬಾರದು. ವೈದ್ಯರು ಹೇಳದೆ ನಿದ್ರೆಗುಳಿಗೆಯೊಡನೆಯೂ ಸೇರಿಸಬಾರದು. ಉಸಿರಾಟವೇ ನಿಂತೀತು.

ನಮ್ಮ ಶಾರ್ಙ್ಗಧರ ಸಂಹಿತೆಯು ಅಹಿಫೇನವನ್ನು, ಎಂದರೆ ಅಫೀಮನ್ನು, 'ವ್ಯವಾಯಿ' ದ್ರವ್ಯವೆಂದಿದೆ: ಜೀರ್ಣವಾಗುವ ಮೊದಲೇ ಸರ್ವಾಂಗವನ್ನೂ ವ್ಯಾಪಿಸುವಂಥದ್ದು. ಅದರ ಶಕ್ತಿಯನ್ನೂ ಅಪಾಯವನ್ನೂ ನಮ್ಮ ಪೂರ್ವಿಕರು ಅರಿತಿದ್ದರು. ಆಯುರ್ವೇದದ ಹೆಸರಿನಲ್ಲಿ ಒಂದೇ ದಿನದಲ್ಲಿ ಮೊಣಕಾಲು ನೋವನ್ನು ಮಾಯಮಾಡುವ, ಹೆಸರಿಲ್ಲದ ಪುಡಿಗಳ ಬಗ್ಗೆ ಎಚ್ಚರವಿರಲಿ. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ ಉದಾಹರಣೆಗಳಿವೆ. ನಮ್ಮ ಶಾಸ್ತ್ರವು ಮೊದಲು ಹೇಳುವುದು ನಿದಾನ ಪರಿವರ್ಜನ, ಅಂದರೆ ನೋವಿನ ಕಾರಣವನ್ನು ದೂರಮಾಡುವುದು.

ಆದುದರಿಂದ ಭಕ್ತ ಬಾಂಧವರು ವೈದ್ಯರ ಬಳಿ ಹೋಗುವಾಗ ತಾವು ಸೇವಿಸುತ್ತಿರುವ ಎಲ್ಲ ಗುಳಿಗೆ, ಚೂರ್ಣ, ಕಷಾಯಗಳನ್ನೂ ಚೀಲದಲ್ಲಿ ಒಯ್ದು ತೋರಿಸಬೇಕು. "ಇದಕ್ಕಿಂತ ಬಲವಾದದ್ದು ಯಾವುದು?" ಎನ್ನುವ ಬದಲು "ನನ್ನ ನೋವಿಗೆ ಕಾರಣವೇನು, ಈ ಔಷಧ ಎಷ್ಟು ದಿನ?" ಎಂದು ಕೇಳುವುದು ಲೇಸು.